ಬನಶಂಕರೆವ್ವನಿಗೆ ಕಾವಲು

ಬೆಟಗೇರಿಯ ಬನಶಂಕರೆವ್ವ ಎಂಟನೆಯ ವಯಸ್ಸಿಗೇ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಲು ಕೂತವಳು. ಹದಿನೆಂಟಕ್ಕೆ ಅದೇ ಓಣಿಯ ನೇಕಾರ ಕಲ್ಲಣ್ಣನ ಕೈ ಹಿಡಿದಳು. ಬಾಯಿ ಎಂದರೆ ಬಾಯಿ. ಓಣಿಯವರು ಜಗಳಕ್ಕೂ ಅವಳನ್ನೇ ಕರೆಯುತ್ತಿದ್ದರು, ರಾಜಿಗೂ ಅವಳನ್ನೇ. ಅಂಥವಳು ಐವತ್ತು ದಾಟಿದ ಮೇಲೆ, ಹೇಳಿಕೊಳ್ಳುವಂಥ ಕಾರಣವೊಂದೂ ಇಲ್ಲದೆ, ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಗದಗಿನ ಡಾಕ್ಟರು ಖಿನ್ನತೆ ಎಂದು ಹೇಳಿ ಗುಳಿಗೆ ಬರೆದರು. ಎರಡು ವರ್ಷ ಅನ್ನ ರುಚಿಸಲಿಲ್ಲ, ನಿದ್ದೆ ಹತ್ತಲಿಲ್ಲ.

ಬಾಯಿ ಮಾತ್ರ ಮಲಗಲಿಲ್ಲ. "ದೇವರು ನನ್ನ ಯಾಕ ಒಯ್ಯವಲ್ಲ? ಈ ಮನ್ಯಾಗ ನನ್ನ ಕೇಳೋರು ಯಾರದಾರ?" ಎಂದು ದಿನಾ ಅಳುತ್ತಿದ್ದಳು. ಮಗಳು ರೋಹಿಣಿ ಹೆದರಿ, ಬಟ್ಟೆ ಅಂಗಡಿಯ ಕೆಲಸ ಬಿಟ್ಟು ತಾಯಿಗೆ ಕಾವಲು ಕೂತಳು.

ಕಲ್ಲಣ್ಣನಿಗೂ ಅದೇ ಕಾಯಿಲೆ ಹತ್ತಿತ್ತು. ಡಾಕ್ಟರು ಅದೇ ಹೆಸರು ಹೇಳಿ, ಹೆಚ್ಚುಕಡಿಮೆ ಅದೇ ಗುಳಿಗೆ ಕೊಟ್ಟಿದ್ದರು. ಅವನು ಮಾತ್ರ ಅಳಲಿಲ್ಲ, ಬೇಡಲಿಲ್ಲ. ಊಟಕ್ಕೆ ಕರೆದರೆ "ಮೊದ್ಲ ನಿಮ್ದಾಗ್ಲಿ" ಅನ್ನುತ್ತಿದ್ದ. ಈ ಶ್ರಾವಣದಲ್ಲಂತೂ ಅವನ ಮುಖ ತಿಳಿಯಾಯಿತು. ಸೋರುವ ನಲ್ಲಿ ರಿಪೇರಿ ಮಾಡಿದ, ತಮ್ಮನೊಂದಿಗೆ ಮುರಿದಿದ್ದ ಮಾತು ಕೂಡಿಸಿದ, ತನ್ನ ಕೈಗಡಿಯಾರವನ್ನು ಪಕ್ಕದ ಮನೆಯ ನಯಾಜನಿಗೆ ಕೊಟ್ಟುಬಿಟ್ಟ. ಅಪ್ಪ ಗುಣವಾದ ಎಂದು ರೋಹಿಣಿ ಹಿಗ್ಗಿದಳು. ಎಂಥ ಹಿಗ್ಗೋ, ಸುಡಲಿ.

ಒಂದು ಮಧ್ಯಾಹ್ನ ಬಚ್ಚಲಿಗೆಂದು ಎದ್ದ ಬನಶಂಕರೆವ್ವ ಮಗ್ಗದ ಮುಂದೆ ನಿಂತುಬಿಟ್ಟಳು. ಮುಗಿದ ಸೀರೆ ಕೊಯ್ದಾಗ ನೇಕಾರರು ಮಗ್ಗದಲ್ಲಿ ಗೇಣುದ್ದ ಎಳೆ ಉಳಿಸುತ್ತಾರೆ. ಮುಂದಿನ ಸೀರೆಯ ಎಳೆಗಳನ್ನು ಒಂದೊಂದಾಗಿ ಅದಕ್ಕೇ ಜೋಡಿಸಬೇಕು. ಕಲ್ಲಣ್ಣ ಒಂದೆಳೆಯೂ ಬಿಡದೆ ಎಲ್ಲ ಕಿತ್ತು, ಮಗ್ಗ ಒರೆಸಿಟ್ಟಿದ್ದ. ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಅವನು ಹಾಗೆ ಮಾಡಿದ್ದನ್ನು ಅವಳು ಕಂಡಿರಲಿಲ್ಲ. ಮತ್ತೆ ನೇಯುವ ಮನಸ್ಸಿದ್ದವನು ಹಾಗೆ ಮಾಡುವುದಿಲ್ಲ.

ಅವನು ಹಿತ್ತಲ ಕಟ್ಟೆಯ ಮೇಲೆ ಕೂತಿದ್ದ. ಅವಳು ಹೋಗಿ ಪಕ್ಕದಲ್ಲಿ ಕೂತಳು.

"ಖರೆ ಹೇಳ್ರಿ. ಸಾಯಾಕ ಮನಸ್ ಮಾಡೀರೇನು?"

ಕಲ್ಲಣ್ಣ ಮುಚ್ಚಿಡಲಿಲ್ಲ. "ನಾ ಹೋದ್ರ ನಿಮಗ ಹಗುರ ಆಗತೈತಿ" ಎಂದ. ಸಂತೆಗೆ ಹೋಗಿಬರುತ್ತೇನೆ ಎಂದಷ್ಟೇ ಸಲೀಸಾಗಿ ಎಂದ.

ಅವಳಿಗೆ ಆಗ ತಿಳಿಯಿತು. ಕತ್ತಲೆ ಇಬ್ಬರದೂ ಒಂದೇ. ಆದರೆ ಯಾರೂ ತನ್ನನ್ನು ಕೇಳುವುದಿಲ್ಲ ಎಂದು ಅವಳಿಗೆ ಸಿಟ್ಟು, ಯಾರಾದರೂ ಕೇಳಲಿ ಎಂಬ ಆಸೆಯೂ ಆ ಸಿಟ್ಟಿನಲ್ಲೇ ಇತ್ತು. ಇವನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಈ ಮನೆಗೆ ತಾನೇ ಹೆಚ್ಚಾದವನು ಎಂದು ಲೆಕ್ಕ ಹಾಕಿ ಮುಗಿಸಿದ್ದ. ಅವಳು ಅವನ ಮುಂಗೈ ಹಿಡಿದವಳು ಬಿಡಲಿಲ್ಲ. ರೋಹಿಣಿಯನ್ನು ಕೂಗಿ ಆಟೋ ತರಿಸಿದಳು.

ಡಾಕ್ಟರು ಅಂದೇ ಅವನನ್ನು ಆಸ್ಪತ್ರೆಗೆ ಸೇರಿಸಿಕೊಂಡರು. ರೋಹಿಣಿ ತಲೆ ತಗ್ಗಿಸಿ, "ಅವ್ವನ್ನ ಕಾಯಕೋತ ಕುಂತ್ವಿರಿ. ಅಪ್ಪನ್ನ ನೋಡ್ಲೇ ಇಲ್ಲ" ಎಂದಳು.

"ಅವ್ವನ್ನ ಕಾದಿದ್ದು ತಪ್ಪಲ್ಲ, ತಂಗಿ" ಎಂದರು ಡಾಕ್ಟರು. "ಅತ್ತು ಹೇಳೋರನ್ನ ನಂಬಬೇಕು. ಸುಮ್ಮನಿರೋರನ್ನ ಬಾಯಿಬಿಟ್ಟು ಕೇಳಬೇಕು."

ಹಗಲೂ ರಾತ್ರಿ ಒಬ್ಬರು ಜೊತೆಗಿರಬೇಕು ಎಂದರು. ಎರಡು ವರ್ಷ ನೆಟ್ಟಗೆ ಕೂರದಿದ್ದ ಬನಶಂಕರೆವ್ವ ವಾರ್ಡಿನ ಕಬ್ಬಿಣದ ಸ್ಟೂಲಿನ ಮೇಲೆ ಕೂತಳು. ಅವಳ ಕಾಯಿಲೆಯೇನೂ ಹೋಗಿರಲಿಲ್ಲ. ತಲೆ ಸಿಡಿಯುತ್ತಿತ್ತು, ಅಲ್ಲೇ ನೆಲದ ಮೇಲೆ ಬಿದ್ದುಕೊಳ್ಳೋಣ ಅನ್ನಿಸುತ್ತಿತ್ತು.

ಒಂಬತ್ತನೆಯ ದಿನ ಕಲ್ಲಣ್ಣ ಅವಳ ಬಾತ ಕಾಲು ನೋಡಿ, "ನಿನಗ ಭಾರ ಆದ್ನಲ್ಲ" ಎಂದ.

"ಹೌದು, ಆಗೀರಿ. ಬೆನ್ನು ಮುರದು ಹೋಗೇತಿ" ಎಂದಳು ಬನಶಂಕರೆವ್ವ. "ಎರಡು ವರ್ಷ ನಾ ನಿಮಗ ಭಾರ ಆಗಿದ್ನಿ. ಒಯ್ದು ಎಲ್ಲ್ಯರ ಒಗದು ಬಂದ್ರೇನು?"

ಕಾಯಿಲೆ ಹತ್ತಿದಂದಿನಿಂದ ಮೊದಲ ಸಲ ಅವನ ಕಣ್ಣಲ್ಲಿ ನೀರು ಬಂತು. ಇವನು ಉಳಿಯುತ್ತಾನೆ ಎಂಬ ಧೈರ್ಯ ಅವಳಿಗೆ ಇನ್ನೂ ಬಂದಿರಲಿಲ್ಲ. ಸ್ಟೂಲನ್ನು ಮಂಚಕ್ಕೆ ಇನ್ನಷ್ಟು ಒತ್ತಿ ಎಳೆದುಕೊಂಡು ಕೂತಳು.