ಕಟ್ಟೆಯಿಂದ ಕಟ್ಟೆಗೆ ಸೈಕಲ್ ಪ್ರವಾಸ

1978ರ ದಸರಾ ರಜೆಯ ಮಾತಿದು. ಆಗ ನಾವು ಇಳಕಲ್ಲಿನಲ್ಲಿದ್ದೆವು. ನಮ್ಮವರು ಅಲ್ಲಿಯ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರು. ನನಗೆ ಆ ವರ್ಷವೇ ಪ್ರಾಥಮಿಕ ಶಾಲೆಯಲ್ಲಿ ನೌಕರಿ ಸಿಕ್ಕಿತ್ತು. ಶಾಲೆಯಿದ್ದ ಊರು ಹುನಗುಂದದ ಕಡೆ, ದೊಡ್ಡ ರಸ್ತೆ ಬಿಟ್ಟು ಒಳಗೆ, ನಮ್ಮ ಮನೆಯಿಂದ ಎರಡು ಹರದಾರಿ, ಆರು ಮೈಲು. ಆ ಊರಿಗೆ ಬಸ್ಸು ದಿನಕ್ಕೊಂದೇ, ಅದೂ ನಡುಮಧ್ಯಾಹ್ನ. ರಜೆ ಮುಗಿದ ಕೂಡಲೇ ಹಾಜರಾಗಬೇಕು. ಸೈಕಲ್ಲು ಬಿಟ್ಟರೆ ಬೇರೆ ಉಪಾಯವಿರಲಿಲ್ಲ.

ನಮ್ಮತ್ತೆ ನೌಕರಿ ಬೇಡ ಅಂದವರಲ್ಲ. ಅವರ ಹೆದರಿಕೆಯೆಲ್ಲ ಸೈಕಲ್ಲಿನದು. ಅವರ ತಮ್ಮ ಹಿಂದೊಮ್ಮೆ ಸೈಕಲ್ಲಿನಿಂದ ಬಿದ್ದು ಮೊಣಕೈ ಮುರಿದುಕೊಂಡಿದ್ದ. ಆ ಕೈ ಮತ್ತೆ ನೆಟ್ಟಗಾಗಲೇ ಇಲ್ಲ. ಅದಕ್ಕೇ ಅತ್ತೆ ಒಂದು ಕರಾರು ಹಾಕಿದರು.

"ಶಾಂತವ್ವ, ಮದಲ ಒಂದ ದೂರದ ಊರಿಗೆ ಸೈಕಲ್ ಮ್ಯಾಲ ಹೋಗಿ ತೋರಸು. ಗಂಡನ ಕ್ಯಾರಿಯರ್ ಮ್ಯಾಲ ಕುಂದ್ರಬಾರದು, ಬೀಳಬಾರದು. ಬಿದ್ದಿ ಅಂದ್ರ ನೌಕರಿ ಮಾತು ಅಲ್ಲಿಗೆ ಮುಗೀತು. ನೋಡಿ ಹೇಳಾಕ ಚನ್ನಪ್ಪ ಇರಲಿ. ನನ್ನ ಮಗ ನಿನ್ನ ಕಡೆ ಮಾತಾಡತಾನ, ಚನ್ನಪ್ಪ ಸುಳ್ಳ ಹೇಳೂದಿಲ್ಲ."

ಚನ್ನಪ್ಪ ನಮ್ಮವರ ಬಾಲ್ಯದ ಗೆಳೆಯ, ಸೀರೆ ಅಂಗಡಿಯವರು. ಮುಂಜಾನೆ ಗಾದಿಯ ಮೇಲೆ ಕೂತರೆ ಸಂಜೆಗೇ ಏಳುವುದು. ಮಡಿಕೆ ಬಿಚ್ಚಿ ಸೆರಗು ತೋರಿಸುವುದನ್ನು ಬಿಟ್ಟರೆ ಅವರ ಮೈಗೆ ಬೇರೆ ಕಸರತ್ತಿಲ್ಲ. ಅವರ ಹೆಂಡತಿ ಕಮಲಕ್ಕ ಸರಕಾರಿ ನರ್ಸು. ಬಿಸಿಲಿರಲಿ ಮಳೆಯಿರಲಿ, ಸೈಕಲ್ ತುಳಿದು ಹಳ್ಳಿ ಹಳ್ಳಿ ತಿರುಗುವಾಕೆ. ಹೀಗಾಗಿ ನಮ್ಮ ಮನೆಯಲ್ಲಿ ಗಂಡ ಗಟ್ಟಿ, ಅವರ ಮನೆಯಲ್ಲಿ ಹೆಂಡತಿ ಗಟ್ಟಿ. ಉಳಿದಿಬ್ಬರು ನಾನು ಮತ್ತು ಚನ್ನಪ್ಪ.

ನನ್ನ ತೊಂದರೆ ಏನೆಂಬುದನ್ನು ಹೇಳಿಬಿಡುತ್ತೇನೆ. ಕಮಲಕ್ಕ ತನ್ನ ಹಳೆಯ ಲೇಡೀಸ್ ಸೈಕಲ್ಲನ್ನು ನನಗೆ ಕೊಟ್ಟಿದ್ದಳು. ಆಕೆ ನನಗಿಂತ ಗೇಣುದ್ದ ಎತ್ತರ. ಸೀಟಿನ ಬೋಲ್ಟು ಜಂಗು ಹಿಡಿದು, ಎಣ್ಣೆ ಬಿಟ್ಟು ಬಡಿದರೂ ಸೀಟು ಕೆಳಗಿಳಿಯಲಿಲ್ಲ. ನಮ್ಮವರು ಶಾಲೆಯ ಮೈದಾನದಲ್ಲಿ ಕಲಿಸಿದರು. ಧ್ವಜಕಟ್ಟೆಯ ಮೇಲೆ ಕಾಲಿಟ್ಟು ಹತ್ತುವುದು, ಮೈದಾನ ಸುತ್ತುವುದು, ಮತ್ತೆ ಧ್ವಜಕಟ್ಟೆಯ ಮೇಲೆ ಕಾಲಿಟ್ಟು ಇಳಿಯುವುದು. ತುಳಿಯುವುದು, ತಿರುಗಿಸುವುದು, ಗಂಟೆ ಬಾರಿಸುವುದು ಎಲ್ಲ ಚೆಂದ ಬಂತು. ನೆಲಕ್ಕೆ ಇಳಿಯುವುದೊಂದು ಬರಲಿಲ್ಲ. ಕಟ್ಟೆ ಸಿಗದಿದ್ದರೆ ನಾನು ತುಳಿಯುತ್ತಲೇ ಇರಬೇಕು.

ದಾರಿ ಆರಿಸಲು ಚನ್ನಪ್ಪನವರ ಅಂಗಡಿಯಲ್ಲೇ ಸಭೆ ಸೇರಿತು. ನಮ್ಮವರು ಬಾಗಲಕೋಟೆಯ ರಸ್ತೆ ಅಂದರು. ಕಮಲಕ್ಕ ತಲೆ ಅಲ್ಲಾಡಿಸಿದಳು. "ಕಲ್ಲಿನ ಲಾರಿ ಒಂದ ಹಾದು ಹೋದ್ರ ಸಾಕು, ಶಾಂತಾನ ಧೂಳಿನ್ಯಾಗ ಹುಡುಕಬೇಕಾಗತೈತಿ."

"ಕುಳಗೇರಿ ಕ್ರಾಸಿನ ಕಡೆ?" ಅಂದರು ನಮ್ಮವರು.

ಚನ್ನಪ್ಪ ಎರಡೂ ಕೈ ಮುಗಿದರು. "ಅಲ್ಲಿ ನಮ್ಮ ಬೀಗರ ಮನಿ ಐತಿ ಮಾರಾಯಾ. ಹೋಳಿಗಿ ತಿನ್ನಿಸದ ಬಿಡೂದಿಲ್ಲ. ತಿಂದ ಮ್ಯಾಲ ನಾ ಸೈಕಲ್ ಹತ್ತೂದಿಲ್ಲ."

"ತಿನ್ನದಿದ್ರ ಹತ್ತತೀಯೇನಲೇ ಚನ್ನ್ಯಾ?"

ಕೊನೆಗೆ ಕಮಲಕ್ಕ ಹೇಳಿದ ದಾರಿಯೇ ಗಟ್ಟಿಯಾಯಿತು. ಬಾದಾಮಿಯವರೆಗೆ ಬಸ್ಸು, ಸೈಕಲ್ಲುಗಳು ಬಸ್ಸಿನ ಮೇಲೆ. ಅಲ್ಲಿಂದ ಬನಶಂಕರಿ, ಆಮೇಲೆ ಹೊಳೆ ಕಡೆಯ ದಾರಿ ಹಿಡಿದು ಪಟ್ಟದಕಲ್ಲು. ಆಕೆಗೆ ಮೊದಲು ನೌಕರಿಯಾದದ್ದು ಆ ಹಳ್ಳಿಗಳಲ್ಲೇ. "ಏರಿಲ್ಲ, ಲಾರಿ ಇಲ್ಲ, ಬರೇ ಚಕ್ಕಡಿ. ದಾರಿ ತುಂಬ ಗಿಡದ ನೆರಳು, ಬಾಜೂಕ ಹೊಳಿ. ಶಾಂತಾಗ ಕಟ್ಟೀನೂ ಅದಾವು. ಬನಶಂಕರಿ ಹೊಂಡದ ಕಟ್ಟಿ, ಮುಂದ ಹಳ್ಳದ ಸೇತುವಿ ಕಟ್ಟಿ, ಮುಂದ ಒಂದ ಊರಾಗ ಅರಳೀ ಗಿಡದ ಕಟ್ಟಿ." ನೋಡುವ ಚೆಲುವು ನಮ್ಮವರಿಗೆ, ಸಪಾಟು ದಾರಿ ಚನ್ನಪ್ಪನವರಿಗೆ, ಕಟ್ಟೆ ನನಗೆ. ಇದಕ್ಕಿಂತ ಒಳ್ಳೆಯ ದಾರಿ ಎಲ್ಲಿದ್ದೀತು?

ಹೊರಟ ದಿನ ಹವೆ ತಂಪಾಗಿತ್ತು. ನಾನು ಸೀರೆಗೆ ಕಚ್ಚೆ ಹಾಕಿ, ಸೆರಗು ಬಿಗಿದು, ಬಾದಾಮಿ ಸ್ಟ್ಯಾಂಡಿನ ಹತ್ತಿರದ ಒಂದು ಅಂಗಡಿಯ ಕಟ್ಟೆಯಿಂದ ಸೈಕಲ್ ಹತ್ತಿದೆ. ಬನಶಂಕರಿಯಲ್ಲಿ ಹೊಂಡದ ಕಟ್ಟೆಗೆ ಕಾಲು ಕೊಟ್ಟು ಮಹಾರಾಣಿಯಂತೆ ಇಳಿದೆ. ಬುತ್ತಿ ಮಾರುವ ಹೆಣ್ಣುಮಕ್ಕಳ ಹತ್ತಿರ ಕೆನೆಮೊಸರು ತೆಗೆದುಕೊಂಡು, ನಮ್ಮ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಕೂತೆವು. ಚನ್ನಪ್ಪ ಅಷ್ಟರಲ್ಲೇ ಒಂದು ಸಲ ಎಲೆತೋಟದ ಬೇಲಿಗೆ ಬಿದ್ದಾಗಿತ್ತು.

"ತಂಗಿ," ಅಂದರು ಅವರು, ಮುಳ್ಳು ಕಿತ್ತುಕೊಳ್ಳುತ್ತ, "ನಿನ್ನ ಮ್ಯಾಲ ನನ್ನ ಕಣ್ಣ ಐತಿ. ಅಮ್ಮಾರಿಗೆ ಮಾತ ಕೊಟ್ಟೇನಿ."

"ಹಂಗಾರ ಜೋಡಿಗೆ ಬರ್ರಿ ಅಣ್ಣಾರ, ಹಿಂದ ಉಳೀಬ್ಯಾಡ್ರಿ."

"ನೀ ಸಾವಕಾಶ ಹೋಗು."

"ಸಾವಕಾಶ ಹೋದ್ರ ಬೀಳತೇನ್ರಿ."

ಅಲ್ಲೇ ಇತ್ತು ನೋಡಿ ತೊಡಕು. ಸಾಕ್ಷಿಗೆ ಜೋರು ಹೋಗಲು ಬರುವುದಿಲ್ಲ, ನನಗೆ ನಿಲ್ಲಲು ಬರುವುದಿಲ್ಲ.

ಸೇತುವೆ ಕಟ್ಟೆಯವರೆಗೂ ಎಲ್ಲ ಸರಿಯಾಗಿತ್ತು. ಆಮೇಲೆ ಹೊಳೆ ಕಂಡಿತು. ತುಂಬಿದ ಮಲಪ್ರಭೆ, ಆಚೆ ದಂಡೆಯಲ್ಲಿ ಹಸಿರು, ಈಚೆ ದಾರಿಯುದ್ದಕ್ಕೂ ಬೇವಿನ ಗಿಡದ ನೆರಳು. ನಾನು ಹಿಂತಿರುಗಿ ನೋಡುವಷ್ಟರಲ್ಲಿ ಚನ್ನಪ್ಪ ಕಾಣಲಿಲ್ಲ. ಕಮಲಕ್ಕ ಗಂಡನನ್ನು ಹುಡುಕಲು ತಿರುಗಿಕೊಂಡಳು. ಸ್ವಲ್ಪ ಮುಂದೆ ಹೋಗುತ್ತಿದ್ದಂತೆ ನಮ್ಮವರ ಟ್ಯೂಬಿನ ಗಾಳಿ ಪುಸ್ ಅಂದಿತು. "ನೀ ನಿಂದ್ರಬ್ಯಾಡ, ಹೋಗು! ಕಟ್ಟಿ ಇಲ್ಲೇ ಮುಂದೈತಿ!" ಎಂದು ಕೂಗಿದರು. ನಿಲ್ಲುವ ಮಾತೆಲ್ಲಿ ಬಂತು, ನಾನು ಹೋದೆ.

ಊರೊಳಗೆ ಹೊಕ್ಕೊಡನೆ ಅರಳಿ ಮರ ಕಂಡಿತು. ಸುತ್ತ ದುಂಡಗಿನ ಕಟ್ಟೆ, ಬುಡದಲ್ಲಿ ನಾಗರಕಲ್ಲು. ಜೀವ ತಂಪಾಯಿತು. ಹತ್ತಿರ ಹೋಗಿ ನೋಡಿದರೆ ಕಟ್ಟೆ ತುಂಬ ಜನ! ಹಿರಿಯರೆಲ್ಲ ಕಾಲು ಇಳಿಬಿಟ್ಟು ಸಾಲಾಗಿ ಕೂತಿದ್ದಾರೆ. ಒಂದು ಪಾದ ಊರಲು ಜಾಗವಿಲ್ಲ. ಸರಿ, ಒಂದು ಸುತ್ತು ಹಾಕಿ ಬಂದರೆ ಯಾರಾದರೂ ಎದ್ದಾರು ಎಂದು ಸುತ್ತು ಹಾಕಿದೆ. ಯಾರೂ ಏಳಲಿಲ್ಲ. ಎರಡನೆಯ ಸುತ್ತಿಗೆ ಗಂಟೆ ಬಾರಿಸಿದೆ. ಮೂರನೆಯ ಸುತ್ತಿಗೆ ಒಬ್ಬ ಅಜ್ಜ ರುಮಾಲು ಸರಿಮಾಡಿಕೊಂಡು ಎದ್ದು ನಿಂತು ಕೈ ಮುಗಿದ. ಅವನನ್ನು ನೋಡಿ ಉಳಿದವರೂ ಎದ್ದು, ಕಟ್ಟೆಗೆ ಬೆನ್ನು ಹಚ್ಚಿ ಸುತ್ತಲೂ ಕೈ ಮುಗಿದು ನಿಂತರು. ಕೂತಾಗ ಇದ್ದ ಸಂದುಗಳೂ ಈಗ ಇಲ್ಲದಾದವು.

"ಎಲ್ಲಾರೂ ಸರೀರಿ, ಪ್ರದಕ್ಷಿಣಿ ಹಾಕಾಕತ್ತಾಳ, ಅಡ್ಡ ಬರಬ್ಯಾಡ್ರಿ!" ಎಂದು ಅಜ್ಜ ಜೋರು ಮಾಡಿದ.

ಮನೆಗಳಿಂದ ಹೆಂಗಸರು ಹೊರಬಂದರು. ಗೋಡೆ ಹಿಡಿದಾದರೂ ನಿಲ್ಲೋಣವೆಂದರೆ ಆ ಕಡೆ ಎಮ್ಮೆ ಕಟ್ಟಿದ್ದಾರೆ. ಒಬ್ಬ ಅಜ್ಜಿ ನನ್ನ ಜೊತೆಗೇ ಓಡುತ್ತ ಕೇಳಿದಳು: "ಯಾತರ ಹರಕಿ ಯವ್ವಾ?"

"ಹರಕಿ ಅಲ್ರಿ ಅಮ್ಮಾ! ಬಿದ್ರ ನೌಕರಿ ಹೋಗತೈತಿ!"

ಅಜ್ಜಿ ಅಲ್ಲೇ ನಿಂತು ಊರಿಗೆಲ್ಲ ಕೇಳುವಂತೆ ಸಾರಿದಳು. "ನೌಕರಿ ಹರಕಿ ಅಂತ! ಕಾಯಿ ತರ್ರಿ!"

ಕಾಯಿ ಬಂತು, ಊದುಬತ್ತಿ ಬಂತು. ಪ್ರತಿ ಸುತ್ತಿಗೂ ಯಾರೋ ನನ್ನ ಮೇಲೆ ಅಕ್ಕಿಕಾಳು ಎಸೆಯುತ್ತಿದ್ದರು. ಕಣ್ಣಿಗೆ ಬಿದ್ದರೆ ಗತಿ ಏನೆಂದು ನಾನು ಕಣ್ಣು ಕಿರಿದು ಮಾಡಿಕೊಂಡೆ. ಅದನ್ನು ಅವರು ಭಕ್ತಿ ಎಂದುಕೊಂಡರು. ಕಾಲು ಸೋಲತೊಡಗಿತ್ತು. ಇನ್ನು ಬೀಳುವುದೇ ಸೈ, ನೌಕರಿ ಸಿಕ್ಕ ಹಳ್ಳಿಯ ಮಕ್ಕಳಿಗೆ ನನ್ನ ಕೈಯಿಂದ ಅಕ್ಷರವಿಲ್ಲ ಅಂದುಕೊಂಡಾಗ ನಿಜವಾಗಿ ಅಳು ಬಂತು.

ಅಷ್ಟರಲ್ಲಿ ಒಂದು ಚಕ್ಕಡಿ ಬಂತು. ಅದರ ಮೇಲೆ ಶೇಂಗಾ ಬಳ್ಳಿಯ ಹೊರೆ, ಹೊರೆಯ ಮೇಲೆ ಸೈಕಲ್ಲು, ಸೈಕಲ್ಲಿನ ಪಕ್ಕ ಚನ್ನಪ್ಪ, ಕಾಯಿ ಬಿಡಿಸಿ ತಿನ್ನುತ್ತ. ಅವರು ಎದ್ದು ನಿಂತು, "ಕಮಲೀ, ನೋಡಲ್ಲಿ, ಶಾಂತಾ ತಿರಗಾಕತ್ತಾಳ!" ಅಂದರು. ಚಕ್ಕಡಿಯ ಹಿಂದೆ ಬರುತ್ತಿದ್ದ ಕಮಲಕ್ಕನಿಗೆ ಒಂದೇ ನೋಟದಲ್ಲಿ ತಿಳಿಯಿತು. ಸೈಕಲ್ಲು ತಂದು ನನ್ನ ಪಕ್ಕಕ್ಕೆ ಹಚ್ಚಿ ತಾನೂ ಸುತ್ತತೊಡಗಿದಳು. ಜನ, "ಈಕಿದೂ ಹರಕಿ!" ಎಂದು ಇನ್ನಷ್ಟು ಅಕ್ಕಿ ಎಸೆದರು.

"ಅಳಬ್ಯಾಡ. ನನ್ನ ಕಾಲ ನೋಡು. ಎಡಗಾಲ ಪೆಡಲ್ ಕೆಳಗ ತಗೊಂಡ ಬಾ. ತಂದ್ಯಾ? ಅದರ ಮ್ಯಾಲ ನಿಂದ್ರು, ಸೀಟ ಬಿಡು."

"ಬೀಳತೇನಿ ಕಮಲಕ್ಕಾ!"

"ಹಡಿಯಾಕ ಬಂದಾಕೀನೂ ಹಿಂಗ ಅಂತಾಳ. ಆಮ್ಯಾಲ ಹಡೀತಾಳ. ನಿಂದ್ರು ಅಂದ್ನಿ! ಈಗ ಬಲಗಾಲ ಈ ಕಡೆ ತಾ. ಬ್ರೇಕ್ ಹಿಡಿ. ಇಳಿ!"

ಇಳಿದೆ. ಸೀರೆಯ ನೆರಿಗೆ ಜಗ್ಗಿತು, ಸೈಕಲ್ಲು ವಾಲಿತು, ಆದರೆ ನನ್ನ ಎರಡೂ ಪಾದ ನೆಲದ ಮೇಲಿದ್ದವು. ಕಟ್ಟೆಯಿಲ್ಲದೆ, ಬರಿಯ ನೆಲದ ಮೇಲೆ. ಡೊಳ್ಳೊಂದು ಬಾರಿಸಲಿಲ್ಲ ಅಷ್ಟೆ. ಅಜ್ಜಿ ಅರಿಷಿಣ ಕುಂಕುಮ ಹಚ್ಚಿ, ಒಡೆದ ಕಾಯಿಯ ಹೋಳನ್ನು ಸೆರಗಿಗೆ ಹಾಕಿದಳು. ನಾನು ನಿಜ ಹೇಳಲು ಬಾಯಿ ತೆರೆದೆ. ಕಮಲಕ್ಕ ನನ್ನ ಕಾಲು ತುಳಿದಳು. "ಸುಮ್ನಿರು. ಚಹಾ ಮಾಡಾಕತ್ತಾರ."

ನಮ್ಮವರು ಸೈಕಲ್ಲು ದಬ್ಬಿಕೊಂಡು ಬಂದು ಸೇರಿದಾಗ ನಾವು ಕಟ್ಟೆಯ ಮೇಲೆ ಮರ್ಯಾದೆಯಿಂದ ಕೂತಿದ್ದೆವು. ಸಂಜೆ ಪಟ್ಟದಕಲ್ಲಿನಲ್ಲಿ, ಬಯಲಿನಲ್ಲಿ, ಯಾವ ಕಲ್ಲಿನ ಆಸರೆಯೂ ಇಲ್ಲದೆ ಮತ್ತೊಮ್ಮೆ ಇಳಿದೆ. ಇಳಿದದ್ದು ಖರೆಯೇ ಎಂದು ನೋಡಲು, ಒಂದು ಕಲ್ಲಿನ ಮೇಲೆ ಕಾಲಿಟ್ಟು ಮತ್ತೆ ಹತ್ತಿ, ಬರಿಯ ನೆಲಕ್ಕೆ ಮತ್ತೆ ಇಳಿದೆ. ಗುಡಿ ನೋಡಿದ್ದು ಆಮೇಲೆ.

ಮನೆಗೆ ಬಂದಾಗ ಅತ್ತೆ ಹೊಸ್ತಿಲಲ್ಲೇ ಚನ್ನಪ್ಪನವರನ್ನು ನಿಲ್ಲಿಸಿ ಕೇಳಿದರು. "ಏನಾತಪಾ?"

"ಅಮ್ಮಾರ, ಇದ್ದದ್ದ ಹೇಳತೇನ್ರಿ. ನಾ ಎರಡ ಸಲ ಬಿದ್ದೆ, ಆಮ್ಯಾಲ ಚಕ್ಕಡಿ ಹತ್ತಿದೆ. ಅರ್ಧಾ ದಾರಿ ನಾ ನೋಡಿಲ್ಲ. ನಿಮ್ಮ ಮಗ ನಡಕೊಂತ ಬಂದ. ನಿಮ್ಮ ಸೊಸಿ ಮಾತ್ರ ನಾ ನೋಡಿದಾಗೆಲ್ಲಾ ಸೈಕಲ್ ಮ್ಯಾಲನ ಇದ್ಲು. ನಿಂದ್ರಲೇ ಇಲ್ರಿ."

ಅರ್ಧ ದಾರಿ ನೋಡಿಲ್ಲ ಅನ್ನುವ ಮಾತಿಗೆ ಅತ್ತೆಯ ಮುಖ ಗಂಟಾಯಿತು. ಆಗ ಅವರ ಕಣ್ಣು ನನ್ನ ಸೆರಗಿನ ಕಾಯಿಯ ಮೇಲೆ ಬಿತ್ತು. ನಾನು ನಡೆದದ್ದನ್ನೆಲ್ಲ, ಎಮ್ಮೆಯನ್ನೂ ಬಿಡದೆ ಹೇಳಿದೆ. ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಕಾಯಿಯನ್ನು ಕಣ್ಣಿಗೊತ್ತಿ ದೇವರ ಮುಂದಿಟ್ಟರು.

"ಮುಗೀತು ಬಿಡು. ಹರಕಿ ತೀರಿಸಿದ ನೌಕರಿ, ಇನ್ನ ಬ್ಯಾಡ ಅನ್ನಾಕ ನಾ ಯಾರು?"

"ಅತ್ತಿ, ನಾ ಹರಕಿ ಹೊತ್ತಿದ್ದಿಲ್ರಿ."

"ನೀ ಹೊರದಿದ್ರ ಏನಾತು? ಅಷ್ಟ ಮಂದಿ ನಿನ್ನ ಸಲುವಾಗಿ ಕೈ ಮುಗದಾರ. ಅದ ಸುಳ್ಳಾಕೈತೇನ?"

ಆ ಸೈಕಲ್ಲಿನ ಮೇಲೆಯೇ ನಾನು ವರ್ಷಾನುಗಟ್ಟಲೆ ಶಾಲೆಗೆ ಹೋಗಿ ಬಂದೆ. ಸೀಟಿನ ಬೋಲ್ಟು ಕೊನೆಯವರೆಗೂ ಬಿಚ್ಚಲಿಲ್ಲ.

ಹೋದ ವರ್ಷ ಶಾಲೆಯ ಮಕ್ಕಳನ್ನು ಪಟ್ಟದಕಲ್ಲಿಗೆ ಪ್ರವಾಸ ಕರೆದೊಯ್ದಿದ್ದೆ. ಬಸ್ಸು ಆ ಊರಿನಲ್ಲಿ ಚಹಾಕ್ಕೆ ನಿಂತಿತು. ಅರಳಿ ಕಟ್ಟೆಯ ಸುತ್ತ ಒಬ್ಬ ಹುಡುಗಿ ಸೈಕಲ್ಲಿನ ಮೇಲೆ ಸುತ್ತುತ್ತಿದ್ದಳು. ಅವಳ ಅಪ್ಪ ಕಾಯಿ ಹಿಡಿದು ನಿಂತಿದ್ದ. ನಾನು ಚಹಾದಂಗಡಿಯವನನ್ನು ಕೇಳಿದೆ, ಏನಿದು ಎಂದು.

"ನಿಮಗ ಗೊತ್ತಿಲ್ಲೇನ್ರಿ ಅಕ್ಕಾರ? ಈ ಕಟ್ಟಿಗೆ ಸೈಕಲ್ ಮ್ಯಾಲ ಸುತ್ತ ಹಾಕಿದ್ರ ನೌಕರಿ ಆಗತೈತ್ರಿ. ಹಿಂದಕ ಒಬ್ಬಾಕಿ ಪುಣ್ಯಾತಗಿತ್ತಿ ಅಳಕೊಂತ ಸುತ್ತಿದ್ಲಂತ. ಭಾಳ ಭಕ್ತಿ ಇತ್ತಂತ ಆಕೀಗೆ."

ಹುಡುಗಿ ಕೊನೆಯ ಸುತ್ತು ಮುಗಿಸಿ, ಕಟ್ಟೆಯ ಕಡೆ ನೋಡದೆಯೇ, ಎಡಗಾಲಿನ ಮೇಲೆ ನಿಂತು ಹಗುರವಾಗಿ ನೆಲಕ್ಕಿಳಿದಳು. ಎಷ್ಟು ಚೆಂದ ಇಳಿದಳು! ಆಕೆಗೆ ನೌಕರಿ ಆಗಲಿ ಎಂದು ನಾನು ಕಟ್ಟೆಯತ್ತ ತಿರುಗಿ ಕೈ ಮುಗಿದೆ. ಆ ದಿನ ನನ್ನ ಸಲುವಾಗಿ ಮುಗಿದ ಕೈಗಳ ಲೆಕ್ಕದಲ್ಲಿ ಇದೊಂದು ತಿರುಗಿ ಕೊಟ್ಟಂತಾಯಿತು.