ಗಂಧದ ಹಾರ ಹಾಕಿದ ನನ್ನ ಫೋಟೊ

ಒಂಬತ್ತನೇ ವಯಸ್ಸಿನಲ್ಲಿ ನಾನು ಒಂದು ಧಾರಾವಾಹಿಯಲ್ಲಿ ಸತ್ತೆ. ಅದಕ್ಕೆ ಮುಂಚೆ ಮೂರು ವರ್ಷ ಮೈಸೂರಿನ ಮಕ್ಕಳ ನಾಟಕಗಳಲ್ಲಿ ಮೊಲ, ರಾಜಕುಮಾರ, ಅಜ್ಜಿ ಎಲ್ಲ ಆಗಿದ್ದೆ. ನಾಟಕದಲ್ಲಿ ಸತ್ತವರೂ ಕೊನೆಗೆ ಎದ್ದು ಬಂದು ಎಲ್ಲರ ಜೊತೆ ಕೈಮುಗಿಯಬೇಕಿತ್ತು. ಟೀವಿಯಲ್ಲಿ ಆ ಪದ್ಧತಿ ಇರಲಿಲ್ಲ.

ಇಲವಾಲದ ಹತ್ತಿರ ಒಂದು ಬಾಡಿಗೆ ಮನೆಯಲ್ಲಿ ಶೂಟಿಂಗ್. ನಾನು ಸತ್ತ ಮೇಲೆ ಗೋಡೆಗೆ ಹಾಕಲು ಫೋಟೊ ಬೇಕು. ಮೇಕಪ್‌ ಇರುವಾಗಲೇ ಒಂದು ತೆಗೆದಿಡುವುದು ವಾಡಿಕೆ; ಅವರು ಮರೆತಿದ್ದರು. ಮ್ಯಾನೇಜರ್ ಅಮ್ಮನನ್ನು ಕೇಳಿದರು: "ಮನೇಲಿ ಪಾಪುದು ಒಂದೊಳ್ಳೆ ಫೋಟೊ ಇದ್ರೆ ಕೊಡೀಮ್ಮ, ದೊಡ್ಡದು ಮಾಡಿಸ್ಕೋತೀವಿ." ಮಗಳ ಮುಖ ದಿನಾ ಟೀವಿಯಲ್ಲಿ ಬರುತ್ತದಲ್ಲ ಎಂಬ ಹೆಮ್ಮೆ ಅಮ್ಮನಿಗೆ. ನನ್ನ ಏಳನೇ ಹುಟ್ಟುಹಬ್ಬದ ಫೋಟೊ ಕೊಟ್ಟಳು. ಅದರಲ್ಲಿ ಮುಂದಿನ ಹಲ್ಲಿಲ್ಲದೆ ನಾನು ಬಾಯ್ತುಂಬ ನಗುತ್ತಿದ್ದೇನೆ.

ಧಾರಾವಾಹಿ ನಾಲ್ಕು ವರ್ಷ ಎಳೆಯಿತು. ಆ ಮನೆಯಲ್ಲಿ ಯಾರಿಗೆ ಕಷ್ಟ ಬಂದರೂ ನನ್ನ ಫೋಟೊ ಮುಂದೆ ನಿಂತು ಅಳುತ್ತಿದ್ದರು. ಬದುಕಿದ್ದಾಗ ನನಗೆ ಅಷ್ಟು ಮರ್ಯಾದೆ ಇರಲಿಲ್ಲ.

ಒಮ್ಮೆ ಮಾರ್ಕೆಟ್ಟಿನಲ್ಲಿ ಹೂವಿನಾಕೆ ನನ್ನ ಕೈ ಹಿಡಿದುಕೊಂಡಳು. "ಅಯ್ಯೋ, ನೀನು ಆ ಮಗು ಅಲ್ವಾ? ಸತ್ತೋದ್ಯಲ್ಲವ್ವಾ!" ಎಂದವಳು ಮೆಲ್ಲಗೆ ಬಗ್ಗಿ ನನ್ನ ಪಾದ ನೋಡಿದಳು. "ತಿರುಗಿಲ್ಲ, ಸರಿಯಾಗ್ ನೋಡ್ಕೊಳ್ಳಿ" ಎಂದೆ. ಬಾಯಿ ಜೋರಿತ್ತು ನನಗೆ. ಆದರೆ ಆಮೇಲೆ ಎಷ್ಟೋ ದಿನ ಸ್ನಾನ ಮಾಡುವಾಗ ನಾನೇ ನನ್ನ ಪಾದ ನೋಡಿಕೊಳ್ಳುತ್ತಿದ್ದೆ.

ಹೊಸ ಪಾತ್ರ ಕೇಳಿಕೊಂಡು ಹೋದರೆ, "ನಿನ್ನ ನೋಡಿದ್ರೆ ಹಾರಾನೇ ನೆನಪಾಗುತ್ತೆ ಕಣಮ್ಮ" ಎಂದು ನಗುತ್ತಿದ್ದರು. ಮತ್ತೆ ನಾಟಕಕ್ಕೆ ಹೋದೆ. ಬೆಳಕು ಮುಖದ ಮೇಲೆ ಬಿದ್ದರೆ ಮೈ ಮರಗಟ್ಟುತ್ತಿತ್ತು. ಹದಿನೇಳಕ್ಕೆ ನಟನೆ ಮುಗಿಯಿತು. ಈಗ ಬನ್ನಿಮಂಟಪದಲ್ಲಿ ಗಂಡನ ಜೊತೆ ಇದ್ದೇನೆ, ವಿಮೆ ಆಫೀಸಿನಲ್ಲಿ ಕೆಲಸ. ಬರೀ ಇಷ್ಟೇ ಆಗಿರುವ ನಾನು ಅಮ್ಮನಿಗೆ ಸಾಕೋ ಸಾಲದೋ ಎಂಬುದೊಂದನ್ನು ಕೇಳಬೇಕು ಎಂದು ಎಷ್ಟು ವರ್ಷ ಅಂದುಕೊಂಡೆನೋ. ಹೆದರಿಕೆಯಿಂದ ಕೇಳಲಿಲ್ಲ.

ಧಾರಾವಾಹಿ ಮುಗಿದಾಗ ಆ ಫೋಟೊವನ್ನು ಹಾರದ ಸಮೇತ ಮನೆಗೆ ತಂದುಕೊಟ್ಟಿದ್ದರು. ಬದುಕಿರುವವಳ ಫೋಟೊ, ಹಾರ ಹಾಕಿದ್ದು. ಗೋಡೆಗೆ ಹಾಕುವ ಹಾಗಿಲ್ಲ, ಬಿಸಾಡುವ ಹಾಗೂ ಇಲ್ಲ. ಅಮ್ಮ ಹಳೇ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದಳು.

ಈ ಸಲ ದಸರೆಗೆ ಮುಂಚೆ ಅಮ್ಮನ ಮನೆ ಸ್ವಚ್ಛ ಮಾಡಲು ಹೋದಾಗ ಅಟ್ಟ ಹತ್ತಿದೆ. ಅಮ್ಮ ಕೆಳಗೆ ಸ್ಟೂಲು ಹಿಡಿದಿದ್ದಳು. "ಅದೊಂದ್ ಬುಡು" ಎಂದಳು. ನಾನು ಬಿಡಲಿಲ್ಲ. ಸೀರೆ ಬಿಚ್ಚಿದರೆ ಗಾಜಿನ ಮೇಲೆ ಧೂಳಿರಲಿಲ್ಲ. ಹಾರ ಹೊಸದು. ನನ್ನ ಹಣೆಯ ಮೇಲೆ ಕುಂಕುಮ ಇನ್ನೂ ಕೆಂಪಗಿತ್ತು.

"ಏನಮ್ಮ ಇದು?"

"ಆಮೇಲೆ ನೀನು ಹಂಗೆ ನಗ್ಲೇ ಇಲ್ವಲ್ಲೇ" ಎಂದಳು ಅಮ್ಮ. "ನಾನೇ ಕೈಯಾರೆ ಕೊಟ್ಬುಟ್ಟೆ ಅವಳನ್ನ. ನಾನಲ್ದೆ ಅವಳಿಗೆ ಇನ್ಯಾರು ತಿಥಿ ಮಾಡ್ತಾರೆ?"

ನನಗೆ ಸಿಟ್ಟು ಬಂತು, ಅಳುವೂ ಬಂತು. ಎದುರಿಗೆ ನಿಂತಿರುವವಳು ಯಾರು ಹಾಗಾದರೆ ಎಂದು ಕೂಗಬೇಕೆನಿಸಿತು. ಬಾಯಿಂದ ಬಂದದ್ದು ಇಷ್ಟೇ: "ಯಾವತ್ತು ಮಾಡ್ತೀಯ?"

"ಆಷಾಢದಲ್ಲಿ. ಟೀವೀಲಿ ನೀನು ಹೋಗಿದ್ದು ತೋರಿಸಿದ್ರಲ್ಲ, ಅವತ್ತು."

ಪ್ರತಿ ಆಷಾಢದಲ್ಲೂ ಒಂದು ದಿನ ಆಫೀಸಿಗೆ ಅಮ್ಮನ ಫೋನ್ ಬರುತ್ತದೆ: ವಡೆ, ಪಾಯಸ ಮಾಡಿದೀನಿ, ಊಟಕ್ಕೆ ಬಂದ್ಬುಡು. ಏನು ವಿಶೇಷ ಎಂದು ನಾನು ಕೇಳಿದವಳೇ ಅಲ್ಲ. ಈ ವರ್ಷವೂ ಹೋಗಿದ್ದೆ. ಚೆನ್ನಾಗಿದೆ ಎಂದು ಇನ್ನೆರಡು ವಡೆ ಹಾಕಿಸಿಕೊಂಡು ತಿಂದಿದ್ದೆ.