ಗಡಿಯಾರಕ್ಕೆ ಕೊಟ್ಟ ಗುಳಿಗೆ

ನನಗೆ ಮೂತ್ರಪಿಂಡದ ಕಾಯಿಲೆ ಬಂದದ್ದು ಈಚೆಗೆ. ಸಮಯಪಾಲನೆಯ ಕಾಯಿಲೆ ಮೊದಲಿನಿಂದಲೂ ಇದೆ. ಅದಕ್ಕೆ ಯಾರೂ ಔಷಧಿ ಕೊಡಲಿಲ್ಲ, ಹೊಗಳಿದರು. ಸಕ್ಕರೆ ಕಾರ್ಖಾನೆಯಲ್ಲಿ ಭೋಂಗಾ ಕೂಗಿದಾಗ ದುಡಿದು, ಭೋಂಗಾ ಕೂಗಿದಾಗ ಉಂಡು ನಿವೃತ್ತನಾದವನು ನಾನು. ಈಗ ಬನಹಟ್ಟಿಯ ಮನೆಯಲ್ಲಿ ಆ ಭೋಂಗಾದ ಕೆಲಸವನ್ನೂ ನಾನೇ ಮಾಡುತ್ತೇನೆಂದು ಹೆಂಡತಿ ನೀಲವ್ವ ದೂರುತ್ತಾಳೆ.

ಕಾಯಿಲೆ ಮೂತ್ರಪಿಂಡದ್ದು, ಸವೆಯುತ್ತಿರುವುದು ಮೂಳೆ. ಎರಡಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಊಟದೊಳಗಿನ ಫಾಸ್ಫರಸ್ಸನ್ನು ಹೊರಹಾಕಬೇಕಾದ ಮೂತ್ರಪಿಂಡ ಕೈಚೆಲ್ಲಿ ಕುಳಿತರೆ ಅದು ರಕ್ತದಲ್ಲಿ ತುಂಬಿಕೊಳ್ಳುತ್ತದೆ, ಮೂಳೆಯ ಸುಣ್ಣವನ್ನು ಹೊರಗೆಳೆಯುತ್ತದೆ ಎಂದರು ಜಮಖಂಡಿಯ ಡಾಕ್ಟರು. ನಮ್ಮ ನೇಕಾರರ ಊರಿನ ಮಾತಿನಲ್ಲಿ ಹೇಳಿದರೆ, ಸೀರೆ ಮೇಲುನೋಟಕ್ಕೆ ಚೆನ್ನಾಗಿಯೇ ಇರುತ್ತದೆ, ಒಳಗೆ ನೂಲು ಸತ್ತಿರುತ್ತದೆ. ಮಗ್ಗದ ಮೇಲೆ ಎಳೆ ಹರಿದರೆ ಗಂಟು ಹಾಕಬಹುದು. ತೊಡೆಯ ಮೂಳೆಗೆ ಗಂಟು ಹಾಕುವ ನೇಕಾರ ನಮ್ಮ ಓಣಿಯಲ್ಲಿಲ್ಲ.

ತಮಾಷೆಯೆಂದರೆ, ಎಲುಬು ಗಟ್ಟಿಯಾಗಲೆಂದು ನೆಂಟರು ಪ್ರೀತಿಯಿಂದ ತಂದ ಎಮ್ಮೆಯ ಹಾಲು, ಗಟ್ಟಿ ಮೊಸರು, ರೊಟ್ಟಿಗೆ ಹಚ್ಚುವ ಶೇಂಗಾ ಹಿಂಡಿ ಎಲ್ಲದರಲ್ಲೂ ಅದೇ ಫಾಸ್ಫರಸ್; ನನಗೆ ಅಳತೆಯಲ್ಲೇ ಸಲ್ಲಬೇಕು. ಇದನ್ನು ಅವರಿಗೆ ತಿಳಿಸಿ ಹೇಳುವುದಕ್ಕಿಂತ ಕಾಯಿಲೆಯನ್ನು ಸಹಿಸುವುದು ಸುಲಭ.

ಸಾವಿಗೆ ನಾನು ಅಷ್ಟು ಹೆದರುವುದಿಲ್ಲ. ಒಮ್ಮೆ ಜಾರಿಬಿದ್ದು, ಆಮೇಲೆ ಬಚ್ಚಲಿಗೂ ಯಾರಾದರೂ ಎತ್ತಿಕೊಂಡು ಹೋಗಬೇಕಾದ ದಿನಕ್ಕೆ ಹೆದರುತ್ತೇನೆ. ಆದ್ದರಿಂದಲೇ ಡಾಕ್ಟರು 'ಮಧ್ಯಾಹ್ನದ ಊಟಕ್ಕೆ' ಎಂದು ಕೊಟ್ಟ ಗುಳಿಗೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಮಧ್ಯಾಹ್ನದ ಊಟವೆಂದರೆ ನನ್ನ ಲೆಕ್ಕದಲ್ಲಿ ಒಂದು ಗಂಟೆ. ಗಡಿಯಾರ ಹೊಡೆಯಿತೋ, ಗುಳಿಗೆ ಒಳಗೆ.

ಊಟದ ಮಾತು ಬೇರೆ. ತಮ್ಮ ಮಲ್ಲಪ್ಪನ ಪವರ್‌ಲೂಮು ಮನೆಯಲ್ಲೇ ಇದೆ, ಇಬ್ಬರ ಸಂಸಾರಕ್ಕೂ ಒಂದೇ ಒಲೆ. ಮಗ್ಗ ಓಡುವಾಗ ನಮ್ಮ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಕರೆಂಟ್ ಹೋದ ಮೇಲೆಯೇ ತಾಟು. ಅದು ಯಾವಾಗ ಹೋಗುತ್ತದೆಂಬುದು ವಿದ್ಯುತ್ ಇಲಾಖೆಗೂ ಗೊತ್ತಿರಲಿಕ್ಕಿಲ್ಲ.

ರಕ್ತದ ವರದಿಯಲ್ಲಿ ಫಾಸ್ಫರಸ್ ಮತ್ತೆ ಏರಿತ್ತು.

"ಗುಳಿಗಿ ತಪ್ಪಸಾಕತ್ತೀರೇನ್ರಿ?" ಎಂದರು ಡಾಕ್ಟರು.

ನನಗೆ ಅವಮಾನವಾಯಿತು. "ಒಂದಕ್ಕಂದ್ರ ಒಂದಕ್ಕ ತಗೋತೇನ್ರೀ!"

"ಊಟ?"

ನೀಲವ್ವ ನಡುವೆ ಬಾಯಿ ಹಾಕಿದಳು: "ಊಟ ಕರೆಂಟ್ ಹ್ವಾದ ಮ್ಯಾಲ್ರೀ ಸಾಹೇಬ್ರ. ಒಮ್ಮೆ ಎರಡಕ್ಕ, ಒಮ್ಮೆ ಮೂರಕ್ಕ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಯಜಮಾನ್ರ, ಇದು ಊಟದಾಗಿನ ಫಾಸ್ಫರಸ್ ಹಿಡಿಯೂ ಗುಳಿಗಿ. ಹೊಟ್ಟ್ಯಾಗ ಊಟನ ಇಲ್ಲಂದ್ರ ಅದು ಏನ್ ಹಿಡೀಬೇಕ್ರಿ, ನಿಮ್ಮ ಗಡಿಯಾರದ ಮುಳ್ಳು?"

ಸಭಿಕರು ಬರುವ ಮೊದಲೇ ವೇದಿಕೆ ಹತ್ತಿ, ಖಾಲಿ ಕುರ್ಚಿಗಳಿಗೆ ಭಾಷಣ ಮಾಡಿ ಇಳಿದುಹೋಗುವ ಅಧ್ಯಕ್ಷರ ಹಾಗೆ ನನ್ನ ಗುಳಿಗೆ ತಿಂಗಳುಗಟ್ಟಲೆ ಕರ್ತವ್ಯ ಪಾಲಿಸಿತ್ತು. ಶಿಸ್ತಿನಲ್ಲಿ ಅದು ನನ್ನನ್ನೇ ಹೋಲುತ್ತಿತ್ತು.

ಬಸ್ಸಿನಲ್ಲಿ ನೀಲವ್ವ ಕೇಳಿದಳು: "ನಾ ಊಟದ ಕೂಡ ತಗೋರಿ ಅಂದಾಗ ಏನಂದಿದ್ರಿ?"

"ಟಾಯಮ್ ಅಂದ್ರ ಟಾಯಮ್ ಅಂದಿದ್ದೆ."

"ಇನ್ನ ಮ್ಯಾಲ ಟಾಯಮ್ ನಂದು. ಸುಮ್ಮ ಕುಂದರ್ರಿ."

ನಿನ್ನೆ ಮಧ್ಯಾಹ್ನ ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ಗೋಡೆಗೊರಗಿ ಕುಳಿತಿದ್ದೆ. ಕರೆಂಟ್ ಹೋಗುವ ಲಕ್ಷಣವೇ ಇರಲಿಲ್ಲ. ಊರಿನವರೆಲ್ಲ ಶಪಿಸುವ ಕರೆಂಟ್ ಕಡಿತಕ್ಕಾಗಿ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದ ಏಕೈಕ ನಾಗರಿಕ ನಾನೇ ಇರಬೇಕು. ಅಷ್ಟರಲ್ಲಿ ಮಗ್ಗದ ಸದ್ದು ನಿಂತಿತು. ತಲೆಯೆತ್ತಿ ನೋಡಿದರೆ ಫ್ಯಾನು ಮಾತ್ರ ತಿರುಗುತ್ತಲೇ ಇದೆ.

ಮಲ್ಲಪ್ಪ ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ಕುಳಿತು ಅತ್ತಿಗೆಗೆ ಹೇಳಿದ: "ನೀಡ್ರಿ ವೈನಿ. ಅಣ್ಣನ ಎಲಬು ಹಸದಾವು."

ಕರೆಂಟ್ ಇದ್ದಾಗ ಮಗ್ಗ ನಿಲ್ಲಿಸಿ ಉಣ್ಣಲು ಬಂದ ನೇಕಾರನನ್ನು ನಾನು ನಮ್ಮೂರಿನಲ್ಲಿ ಕಂಡಿರಲಿಲ್ಲ. ಗಡಿಯಾರದ ಕಡೆ ನೋಡದೆ, ರೊಟ್ಟಿಯ ಮೊದಲ ತುತ್ತಿನ ಜೊತೆಗೇ ಗುಳಿಗೆಯನ್ನೂ ಬಾಯಿಗೆ ಹಾಕಿಕೊಂಡೆ.